ಹಿಮನದಿಗೆ ಒಂದಿಷ್ಟು ಜಾಸ್ತಿ

“ಕಡ್ಲೆ, ಇಲ್ಲಿ ಬಾ. ಈ ಗೆರೆ ಯಾಕೆ ಸರೋವರದ ನೀರೊಳಗೆ ಹೋಗಿದೆ?”

ಚಿಕ್ಕಮ್ಮ ಕಂಪ್ಯೂಟರ್ ಪರದೆಗೆ ಮೂಗು ತಾಗುವಷ್ಟು ಬಗ್ಗಿದ್ದಳು. ಕಡ್ಲೆ ಪೆನ್ಸಿಲ್ ಕೆತ್ತುವುದನ್ನು ನಿಲ್ಲಿಸಿದಳು. ಅವಳ ನಿಜವಾದ ಹೆಸರು ಬೇರೆ. ತರಗತಿಗೆಲ್ಲ ಅವಳೇ ಕುಳ್ಳಿ, ಅದಕ್ಕೆ ಅಣ್ಣ ಇಟ್ಟ ಹೆಸರಿದು.

ಬೆಟ್ಟದ ಮೇಲಿನ ಹಿಮನದಿಗಳನ್ನು ಅಳೆಯುವುದು ಚಿಕ್ಕಮ್ಮನ ಕೆಲಸ. ಅದಕ್ಕೆ ಬೆಟ್ಟ ಹತ್ತಬೇಕಾಗಿಲ್ಲ. ಪ್ರತಿ ವರ್ಷ ಬೇಸಿಗೆ ಮುಗಿಯುವಾಗ ಸ್ಯಾಟಲೈಟ್ ತೆಗೆದ ಫೋಟೊ ಬರುತ್ತದೆ. ಮಂಜುಗಡ್ಡೆಯ ಅಂಚಿನಲ್ಲಿ ಮೌಸ್ ಕ್ಲಿಕ್ ಮಾಡುತ್ತ ಒಂದು ಸುತ್ತು ಬಂದರೆ, ಒಳಗೆ ಎಷ್ಟು ಜಾಗವಿದೆ ಎಂದು ಕಂಪ್ಯೂಟರ್ ಹೇಳುತ್ತದೆ.

ಸೋಮವಾರ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನವಿತ್ತು. ಅದರ ಚಾರ್ಟಿಗೆಂದು ಕಡ್ಲೆ ಒಂದು ಹಿಮನದಿಯ ನಾಲ್ಕು ವರ್ಷಗಳ ಗೆರೆ ಎಳೆದಿದ್ದಳು. ಸರಿಯಾಗಿದ್ದರೆ ಪ್ರದರ್ಶನ ಮುಗಿದ ಮೇಲೆ ಚಾರ್ಟನ್ನು ತನ್ನ ಆಫೀಸಿನ ಗೋಡೆಗೆ ಹಾಕುತ್ತೇನೆ ಎಂದು ಚಿಕ್ಕಮ್ಮ ಮಾತು ಕೊಟ್ಟಿದ್ದಳು.

“ಕೈ ಜಾರಿರಬೇಕು,” ಎಂದಳು ಕಡ್ಲೆ.

“ಜಾರಿದ ಕೈ ಒಂದ್ಸಲ ಒಳಗೆ, ಒಂದ್ಸಲ ಹೊರಗೆ ಹೋಗುತ್ತೆ. ಈ ವರ್ಷದ ಗೆರೆ ಸುತ್ತಲೂ ಹೊರಗೇ ಹೋಗಿದೆ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕಡ್ಲೆ ತನ್ನ ಬೆರಳು ನೋಡಿಕೊಂಡಳು.

“ಪಾಪ ಅನ್ನಿಸ್ತು ಚಿಕ್ಕಮ್ಮ. ಪ್ರತಿ ಫೋಟೊದಲ್ಲೂ ಚಿಕ್ಕದಾಗ್ತಾನೇ ಇದೆ. ಅದಕ್ಕೆ ಸ್ವಲ್ಪ ಜಾಸ್ತಿ ಕೊಟ್ಟೆ.”

ಚಿಕ್ಕಮ್ಮನಿಗೆ ನಗು ಬಂತು. “ನಿನ್ನಷ್ಟು ಧಾರಾಳದವರು ಈ ಆಫೀಸಲ್ಲಿ ಯಾರೂ ಇಲ್ಲ. ಆದ್ರೆ ಕೆಳಗಿನ ಊರವರು ಕುಡಿಯೋದು ಇದು ಕರಗಿ ಬರೋ ನೀರನ್ನೇ. ಇನ್ನೆಷ್ಟು ಉಳಿದಿದೆ ಅಂತ ನಮ್ಮ ಗೆರೆ ನೋಡಿ ತಿಳ್ಕೋತಾರೆ.”

“ನಂದು ಬರೀ ಸ್ಕೂಲ್ ಚಾರ್ಟ್,” ಎಂದು ಕಡ್ಲೆ ಮುಖ ಊದಿಸಿಕೊಂಡಳು.

“ಹಾಗಾದ್ರೆ ನನ್ನ ಗೋಡೆಗೆ ಬೇಡ,” ಎಂದು ಚಿಕ್ಕಮ್ಮ ತನ್ನ ಕೆಲಸಕ್ಕೆ ತಿರುಗಿದಳು. ಎರಡು ಮಾತು ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಕಡ್ಲೆಗೆ.

ಅಂದು ಶನಿವಾರ. ಸಂಜೆ ಅಪ್ಪ ಹೊಸ ಸ್ಕೂಲ್ ಶೂ ತಂದಿದ್ದರು. ವರ್ಷಕ್ಕೊಮ್ಮೆ ಶೂ ತಂದ ದಿನವೇ ಮಕ್ಕಳನ್ನು ಅಡುಗೆಮನೆಯ ಬಾಗಿಲಿಗೆ ಒರಗಿಸಿ ನಿಲ್ಲಿಸಿ, ಎತ್ತರಕ್ಕೆ ಪೆನ್ಸಿಲಿನಲ್ಲಿ ಗೆರೆ ಹಾಕುವುದು ಅವರ ಪದ್ಧತಿ.

ಕಡ್ಲೆಯ ತಲೆಯ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದ ಅಪ್ಪ, ಹಿಂದೆ ಸರಿದು ತಲೆ ಕೆರೆದುಕೊಂಡರು. ಹೊಸ ಗೆರೆ ಹೋದ ವರ್ಷದ ಗೆರೆಗಿಂತ ಅರ್ಧ ಬೆರಳು ಕೆಳಗಿತ್ತು.

“ಮಕ್ಕಳು ಬೆಳೀತಾರೆ ಅಂತ ಕೇಳಿದ್ದೆ. ಇವಳು ಕರಗ್ತಿದ್ದಾಳಲ್ಲೋ.”

“ಚಿಕ್ಕಮ್ಮಂಗೆ ಹೇಳಿ ಸ್ಯಾಟಲೈಟಲ್ಲಿ ಅಳೆಸೋಣ,” ಎಂದು ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ.

ಕಡ್ಲೆ ನಗಲಿಲ್ಲ. ಅವಳ ಹಳೆಯ ಯೂನಿಫಾರ್ಮ್ ಮೊಣಕಾಲಿನ ಮೇಲಕ್ಕೆ ಬಂದಿತ್ತು. ಬೆಳೆದದ್ದು ನಿಜ, ಹೋದ ವರ್ಷದ ಗೆರೆಯೇ ಸುಳ್ಳು. ಅಣ್ಣನ ಬಾಯಿ ಮುಚ್ಚಿಸಲೆಂದು ಆಗ ಅವಳು ಯಾರಿಗೂ ಕಾಣದಂತೆ ಹಿಮ್ಮಡಿ ಎತ್ತಿ ನಿಂತಿದ್ದಳು. ಒಂದು ವರ್ಷ ಬೆಳೆದದ್ದನ್ನೆಲ್ಲ ಆ ಹಿಮ್ಮಡಿ ನುಂಗಿ ಹಾಕಿತ್ತು.

ಅವಳು ಎರಡು ಗೆರೆಗಳನ್ನೂ ಬಹಳ ಹೊತ್ತು ನೋಡಿದಳು.

“ಅಪ್ಪ, ಹೋದ ವರ್ಷದ್ದು ಅಳಿಸಿಬಿಡಿ. ಹಿಮ್ಮಡಿ ಎತ್ತಿದ್ದೆ.”

ಅಣ್ಣ ಇನ್ನೂ ಜೋರಾಗಿ ನಕ್ಕ. ನಗಲಿ ಬಿಡು ಎಂದುಕೊಂಡು ಕಡ್ಲೆ ಫೋನ್ ಎತ್ತಿಕೊಂಡಳು.

“ಚಿಕ್ಕಮ್ಮ, ನಾಳೆ ಆಫೀಸಿಗೆ ಕರ್ಕೊಂಡು ಹೋಗ್ತೀಯಾ? ಆ ಗೆರೆ ನಾನೇ ಅಳಿಸ್ತೀನಿ. ನೀನು ಮುಟ್ಟಬೇಡ.”

ಭಾನುವಾರ ಆಫೀಸಿನಲ್ಲಿ ಅವರಿಬ್ಬರೇ. ಬಿಳಿ ಎಲ್ಲಿ ಮುಗಿದು ಸರೋವರದ ನೀಲಿ ಎಲ್ಲಿ ಶುರುವಾಗುತ್ತದೋ ಅಲ್ಲಿಯೇ ಕಡ್ಲೆ ಒಂದೊಂದಾಗಿ ಕ್ಲಿಕ್ ಮಾಡುತ್ತ ಹೋದಳು. ಕಂಪ್ಯೂಟರ್ ತೋರಿಸಿದ ಸಂಖ್ಯೆ ಮೊದಲಿನದಕ್ಕಿಂತ ಚಿಕ್ಕದು. ಅವಳಿಗೆ ಬೇಜಾರಾಯಿತು. ಆದರೂ ಅದನ್ನೇ ಚಾರ್ಟಿನಲ್ಲಿ ಬರೆದಳು, ದೂರದಿಂದಲೂ ಕಾಣುವಷ್ಟು ದೊಡ್ಡದಾಗಿ.

ಚಿಕ್ಕಮ್ಮ ಎದ್ದು ಗೋಡೆಯಲ್ಲಿ ಜಾಗ ಹುಡುಕತೊಡಗಿದಳು. “ಎಷ್ಟು ಎತ್ತರಕ್ಕೆ ಹಾಕೋಣ?”

ಕಡ್ಲೆ ಗೋಡೆಯ ಹತ್ತಿರ ಹೋಗಿ ನಿಂತು ಕೈ ಚಾಚಿದಳು.

“ಹಿಮ್ಮಡಿ ಎತ್ತದೆ ನಂಗೆ ಎಟುಕೋ ಅಷ್ಟಕ್ಕೆ. ಮುಂದಿನ ವರ್ಷದ್ದೂ ನಾನೇ ಬರೀಬೇಕಲ್ಲ.”