ಗ್ರೂಮ್ ಎರಡು

“ಜಿಆರ್‌ಎಂ ಅಂದ್ರ ಗ್ರೂಮ್. ಗ್ರೂಮ್ ಅಂದ್ರ ಮದುಮಗ. ಮುಂದ ಎರಡು ಅಂತ ಐತಿ... ಎರಡನೇ ಮದುವಿ!” ರೋಹಿಣಿ ಪಿಸುಗುಟ್ಟಿದಳು.

ಓದಿದ್ದೇ ತಡ, ಅವಳು ಕೈಯಲ್ಲಿದ್ದ ಹಾಳೆಯನ್ನು ಮಡಚಿಬಿಟ್ಟಳು. ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋಗಿಬಂದಿದ್ದ ಅಜ್ಜನ ಮಿಲಿಟರಿ ದಾಖಲೆ ಅದು. ಅಜ್ಜಿ ಗುಡ್ಡವ್ವನ ಪಿಂಚಣಿಗೆಂದು ತರಿಸಿದ್ದರು. ಝೆರಾಕ್ಸಿನಲ್ಲಿ ಕಾಲಮ್ಮುಗಳ ತಲೆಬರಹ ಅಳಿಸಿಹೋಗಿ ಬರೀ ಸಂಕೇತಗಳು ಉಳಿದಿದ್ದವು. ಅವುಗಳ ಪೂರ್ತಿ ಪದ ಹಿಂದಿನ ಹಾಳೆಯಲ್ಲಿತ್ತು.

“ಏನ್ ಬರದಾರವಾ ನಿಮ್ಮಜ್ಜಗ?” ಒಳಗಿನಿಂದ ಗುಡ್ಡವ್ವ ಕೂಗಿದಳು.

“ಏನಿಲ್ಲ ಬೇ ಆಯಿ, ಎಲ್ಲಾ ಇಂಗ್ಲೀಷು!”

ಎದುರಿಗೆ ಕೂತಿದ್ದ ಕೊಟ್ರೇಶ ನಗು ತಡೆದುಕೊಂಡ. ಹಲಗೇರಿಯ ಈ ಹುಡುಗ ರೋಹಿಣಿಯನ್ನು ನೋಡಿ ಒಪ್ಪಿದ್ದ. ಸೋಮವಾರ ಮಿಲಿಟರಿ ಸೇರಲು ಹೊರಡುವವನಿದ್ದ. ಅವಳ ಹೂಂ ಒಂದೇ ಬಾಕಿ. ಅದನ್ನು ಕೇಳಲೆಂದೇ ರಾಣೆಬೆನ್ನೂರಿಗೆ ಬಂದಿದ್ದ.

“ನಗಬ್ಯಾಡ್ರಿ. ಆಯಿ ಇಲ್ಲಿ ಹಾದಿ ಕಾಯ್ಕೋಂತ ಕುಂತಾಗ ಅಜ್ಜ ಅಲ್ಲಿ ಬಾಸಿಂಗ ಕಟ್ಕೊಂಡಾನ. ನಾಳೆ ನೀವೂ...”

“ನಾನೂ?” ಕೊಟ್ರೇಶ ಅವಳನ್ನೇ ನೋಡಿದ. ಅವಳ ಕಣ್ಣು ಒಮ್ಮೆ ಅವನ ಮೀಸೆಯವರೆಗೆ ಬಂದು, ಬೆದರಿ, ಮತ್ತೆ ನೆಲಕ್ಕಿಳಿಯಿತು. “ಗುತ್ತಲದಾಗ ಮಿಲಿಟರ್ಯಾಗಿದ್ದ ಸುಬೇದಾರ ಶಾಬುದ್ದೀನ ಚಾಚಾ ಅದಾರ. ಕೇಳ್ಕೊಂಡು ಬರ್ತೇನಿ. ಅಲ್ಲೀಮಟ ಇಲ್ಲ ಅನಬ್ಯಾಡ.”

ಆ ಮಧ್ಯಾಹ್ನ ರೋಹಿಣಿಗೆ ತುತ್ತು ಇಳಿಯಲಿಲ್ಲ. ಅಯ್ಯೋ ಶಿವನೇ, ಈ ಮುದುಕಿಗೆ ಗೊತ್ತಾದರೆ ಎದೆ ಒಡೆದುಕೊಳ್ಳುತ್ತಾಳಲ್ಲ! ಅದಕ್ಕಿಂತ ದೊಡ್ಡ ಭಯ ತನ್ನದೇ ಇತ್ತು. ಆ ಹುಡುಗ ಆಗಲೇ ಅವಳ ಮನಸ್ಸಿಗೆ ಹಿಡಿಸಿಬಿಟ್ಟಿದ್ದ.

ಸಂಜೆ ಬಾಗಿಲಲ್ಲಿ ಬೈಕು ನಿಂತಿತು. ಕೊಟ್ರೇಶ ಹೊಟ್ಟೆ ಹಿಡಿದುಕೊಂಡು ನಗುತ್ತಲೇ ಇಳಿದ.

“ಮಿಲಿಟರ್ಯಾಗ ಗ್ರೂಮ್ ಅಂದ್ರ ಕುದುರಿ ಮೈ ತಿಕ್ಕಾಂವಂತ! ಎರಡು ಅಂದ್ರ ಆ ಕೆಲಸದಾಗ ಸೆಕೆಂಡ್ ಕ್ಲಾಸು. ಚಾಚಾ ನನಗ ಹುಚ್ಚಪ್ಯಾಲಿ ಅಂದ್ರು.”

ಗುಡ್ಡವ್ವ ಹೊರಗೆ ಬಂದಳು. “ಕುದುರಿ ಮೈ ತಿಕ್ಕಿದ್ನಾ? ಮನ್ಯಾಗ ತನ್ನ ಬೆನ್ನು ತಾ ತಿಕ್ಕೊಂಡಾಂವಲ್ಲ, ಮಾರಾಯ!” ಎಂದು ಬಾಯಿಗೆ ಸೆರಗು ಹಚ್ಚಿ ಚಹಾ ಇಡಲು ಹೋದಳು.

“ಈಗರ ಹೆದರಿಕಿ ಹೋತಿಲ್ಲೊ?” ಎಂದ ಕೊಟ್ರೇಶ.

“ಇಲ್ಲ, ಹೆಚ್ಚಾಗೇತಿ,” ಎಂದಳು ರೋಹಿಣಿ. “ನೀವು ಬ್ಯಾರೆಯಾಕಿನ್ನ ಕಟ್ಕೋತೀರಿ ಅಂತಿದ್ರ ಸಿಟ್ಟರ ಮಾಡ್ತಿದ್ದೆ. ಈಗ ತಿರುಗಿ ಬರ್ತೀರೋ ಇಲ್ಲೋ ಅನ್ನೋದೊಂದ ಉಳದೈತಿ. ಅದಕ್ಕ ಯಾರ ಮ್ಯಾಲೆ ಸಿಟ್ಟಾಗಲಿ?”

ಕೊಟ್ರೇಶನ ನಗು ನಿಂತಿತು. “ಹಂಗಾರ ಇಲ್ಲ ಅಂತೀಯೇನು?”

“ಮನಸ್ಸಿನ್ಯಾಗ ಆಗಲೇ ಹೂಂ ಅಂದೀನ್ರಿ,” ಎಂದು ಅವಳು ಅತ್ತೇಬಿಟ್ಟಳು. “ಅದಕ್ಕ ಹೆದರಾಕತ್ತೇನಿ.”