ಬಿಲ್ಲು ಬಿಟ್ಟು ಹೋದ ಕಳ್ಳ

ಮಂಗಳವಾರ, ದಿನಾಂಕ 14, ಮಧ್ಯಾಹ್ನ ಎರಡು ಹತ್ತಕ್ಕೆ ದಂತವೈದ್ಯೆಯೊಬ್ಬರು ಠಾಣೆಗೆ ಬಂದರು. ಬಿಳಿ ಕೋಟು ಬಿಚ್ಚಿರಲಿಲ್ಲ. ಹಲ್ಲು ನೋಡುವ ಭೂತಗನ್ನಡಿಯ ಕನ್ನಡಕ ಹಣೆಯ ಮೇಲೆ ಹಾಗೇ ಇತ್ತು.

"ನನ್ನ ಬಿಲ್ಲುಗಾತಿನ ಯಾರೋ ಎತ್ಕೊಂಡು ಹೋಗಿದಾರೆ," ಎಂದರು.

ಠಾಣೆಯ ಬರವಣಿಗೆ ನೋಡಿಕೊಳ್ಳುವ ಹೆಡ್ ಕಾನ್‌ಸ್ಟೇಬಲ್‌ನನ್ನು ಎಲ್ಲರೂ ರೈಟರ್ ಎಂದೇ ಕರೆಯುತ್ತಿದ್ದರು. ಅವನು ಗಾಬರಿಯಿಂದ ಕಾಣೆಯಾದವರ ರಿಜಿಸ್ಟರ್ ಎಳೆದುಕೊಂಡ.

"ವಯಸ್ಸು?"

"ಆರು ವರ್ಷ ಇರಬೇಕು."

"ಎತ್ತರ?"

"ಒಂದಡಿ."

ರೈಟರ್ ಪೆನ್ನು ಕೆಳಗಿಟ್ಟ. "ಗೊಂಬೆನಾ ಮೇಡಂ?"

"ಗೊಂಬೆ ಅಲ್ಲ. ಆಕ್ಷನ್ ಫಿಗರ್. ನಲವತ್ತೆರಡು ಕೀಲು. ಮಾಡಿದ್ದೇ ಇನ್ನೂರು, ಮಾಡಿದ ಕಾರ್ಖಾನೆನೂ ಮುಚ್ಚಿದೆ. ಗೊತ್ತಿಲ್ದೆ ಯಾರಾದ್ರೂ ಕೈ ಹಿಡಿದು ಎಳೆದ್ರೆ ಮುಗೀತು, ಇನ್ನೊಂದು ಕೈ ಎಲ್ಲೂ ಸಿಗಲ್ಲ."

ರೈಟರ್ FIRನಲ್ಲಿ 'ಆಕ್ಷನ್ ಫಿಗರ್ ಎಂಬ ಗೊಂಬೆ' ಎಂದು ಬರೆದು ಇಬ್ಬರ ಮಾತನ್ನೂ ಉಳಿಸಿದ.

ಇನ್‌ಸ್ಪೆಕ್ಟರ್ ಎರಡು ಐವತ್ತಕ್ಕೆ ಸ್ಥಳಕ್ಕೆ ಹೋದರು. ಕ್ಲಿನಿಕ್ ಎರಡನೇ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಅವರ ಬಲಮಂಡಿ ನಾಲ್ಕು ವರ್ಷದಿಂದ ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತಿತ್ತು. ಕಾಯುವ ಕೋಣೆಯಲ್ಲಿ ಆರು ಕುರ್ಚಿ, ಎದುರು ಗೋಡೆಗೆ ಗಾಜಿನ ಬೀರು. ಬೀರುವಿಗೆ ಬೀಗ ಹಾಕುವ ರೂಢಿ ಇರಲಿಲ್ಲ, ಗಾಜು ಒಡೆದಿರಲಿಲ್ಲ. ಒಳಗೆ ಐದು ಫಿಗರ್‌ಗಳು, ಒಂದು ಖಾಲಿ ಪೀಠ, ಆ ಪೀಠದ ಮೇಲೆ ಒಂದು ಪುಟ್ಟ ಬಿಲ್ಲು.

"ಬಿಲ್ಲು ಬಿಟ್ಟು ಹೋಗಿದಾನೆ," ಎಂದರು ಇನ್‌ಸ್ಪೆಕ್ಟರ್. "ಬಿಲ್ಲಿಲ್ದೆ ಮಾರೋಕಾಗುತ್ತಾ?"

"ಬಿಲ್ಲಿಲ್ಲದ ಬಿಲ್ಲುಗಾತಿನ ನನ್ನಂಥ ಹುಚ್ಚರು ಯಾರೂ ತಗೊಳ್ಳಲ್ಲ."

ಕದ್ದವನಿಗೆ ಮಾರುವ ಯೋಚನೆ ಇರಲಿಲ್ಲ ಎಂದು ಇನ್‌ಸ್ಪೆಕ್ಟರ್ ಡೈರಿಯಲ್ಲಿ ಗುರುತು ಹಾಕಿಕೊಂಡರು. ಮೆಟ್ಟಿಲ ಬಳಿಯ ಕ್ಯಾಮೆರಾ ನೋಡಿದರು. ಬೆಳಗಿನಿಂದ ಬಂದವರು ಒಂಬತ್ತು ರೋಗಿಗಳು. ಒಂದಡಿಯ ವಸ್ತು ಹಿಡಿಸುವಂಥ ಚೀಲ ಯಾರ ಕೈಯಲ್ಲೂ ಇರಲಿಲ್ಲ.

ದಂತವೈದ್ಯೆ ಬೀರುವಿನ ಮುಂದೆ ನಿಂತವರು ನಿಂತೇ ಇದ್ದರು. "ಸಾರ್, ಪಕ್ಕದ ಅಗ್ನಿಶಾಮಕನನ್ನ ನೋಡಿ. ಇವನನ್ನ ನಾನು ಹೀಗೆ ನಿಲ್ಲಿಸಿರಲಿಲ್ಲ."

ಇನ್‌ಸ್ಪೆಕ್ಟರ್ ಕಣ್ಣಿಗೆ ಹೆಗಲ ಮೇಲೆ ನೀರಿನ ಪೈಪು ಹೊತ್ತ ಆ ಪುಟ್ಟ ಅಗ್ನಿಶಾಮಕ ಚೆನ್ನಾಗಿಯೇ ನಿಂತಿದ್ದ. ಅದೇ ತಕರಾರು ಎಂದರು ಆಕೆ. ತಾವು ಅವನನ್ನು ಕಂಬದಂತೆ ನೆಟ್ಟಗೆ ನಿಲ್ಲಿಸಿದ್ದರಂತೆ. ಈಗ ಒಂದು ಮಂಡಿ ತುಸು ಬಾಗಿದೆ, ಸೊಂಟ ಓರೆಯಾಗಿದೆ, ಪೈಪಿನ ಭಾರ ಹಿಂದಿನ ಕಾಲಿಗೆ ಇಳಿದಿದೆ. ಪಾದದ ಕೀಲು ಪಕ್ಕಕ್ಕೂ ವಾಲುವುದರಿಂದ ಅಂಗಾಲು ಪೂರ್ತಿ ನೆಲಕ್ಕೆ ಕೂತಿದೆ. ನಿಜವಾಗಿ ಭಾರ ಹೊತ್ತವನು ಹಾಗೇ ನಿಲ್ಲುತ್ತಾನೆ.

"ಕಳ್ಳತನಕ್ಕೆ ಬಂದೋನು ಇದನ್ನ ಸರಿಮಾಡಿ ಹೋದ್ನಾ?" ರೈಟರ್ ಬಾಯಿ ಬಿಟ್ಟ.

"ನೋಡಿ ಸುಮ್ಮನಿರೋಕೆ ಆಗಿಲ್ಲ ಅವನಿಗೆ," ಎಂದರು ಇನ್‌ಸ್ಪೆಕ್ಟರ್.

ಬೀರುವಿನ ಬಾಗಿಲ ಮೇಲೆ ಹೊರಗಿನವರ ಬೆರಳಚ್ಚು ಸಿಗಲಿಲ್ಲ, ಕಳ್ಳ ಕೈಗವಸು ಹಾಕಿದ್ದ. ಅಗ್ನಿಶಾಮಕನ ಸೊಂಟದ ಮೇಲೆ ಎರಡು ಸ್ಪಷ್ಟ ಗುರುತು ಸಿಕ್ಕವು. ಕೀಲಿನ ಬಿಗಿ ಬರಿಗೈಗೆ ಮಾತ್ರ ತಿಳಿಯುತ್ತದೆ ಎಂದು ದಂತವೈದ್ಯೆ ಹೇಳಿದರು. ಹಲ್ಲಿನ ಕೆಲಸದಲ್ಲೂ ಹಾಗೆಯೇ ಅಂತೆ.

ಬೆರಳಚ್ಚಿನವರು ಹೋದ ಮೇಲೆ ಇನ್‌ಸ್ಪೆಕ್ಟರ್ ಅಗ್ನಿಶಾಮಕನನ್ನು ಕೈಗೆ ತೆಗೆದುಕೊಂಡರು. ಹಗುರವಾಗಿರುತ್ತದೆ ಎಂದುಕೊಂಡಿದ್ದರು, ತೂಕವಿತ್ತು. ಮಂಡಿ ಮಡಚಿದರು. ಒಳಗೆ ಸಣ್ಣದಾಗಿ ಕಟಕ್, ಕಟಕ್ ಎಂದು ಕೀಲಿನ ಹಲ್ಲು ಕೂತ ಸದ್ದು. ಒಂದೇ ಮಂಡಿಯಲ್ಲಿ ಎರಡು ಕೀಲು. ಹಿಮ್ಮಡಿ ಹೋಗಿ ತೊಡೆಗೆ ತಾಗಿತು, ಎಲ್ಲೂ ಸಂದು ಬಿಡಲಿಲ್ಲ, ಬಣ್ಣ ಉಜ್ಜಲಿಲ್ಲ. ಕೈ ತೆಗೆದರೆ ಇದ್ದಲ್ಲೇ ನಿಂತಿತು. ಎಷ್ಟು ಚೆಂದದ ಕೆಲಸ ಎಂದು ಅವರಿಗೆ ಅನ್ನಿಸಿತು, ಹೊಟ್ಟೆಕಿಚ್ಚೂ ಆಯಿತು.

"ನನ್ನ ಮಂಡಿ ಇದರ ಅರ್ಧನೂ ಮಡಚಲ್ಲ," ಎಂದವರು ಇನ್ನೊಂದು ಮಂಡಿಯನ್ನೂ ಮಡಚಿದರು. ಆಮೇಲೆ ಕೇಳಿದರು, "ಮೇಡಂ, ಪೂರ್ತಿ ಮಡಚಿದ್ರೆ ಇದು ಎಷ್ಟಾಗುತ್ತೆ?"

ದಂತವೈದ್ಯೆ ಪೈಪು ತೆಗೆದಿಟ್ಟು ಅಗ್ನಿಶಾಮಕನ ಮಂಡಿಯನ್ನು ಎದೆಗೆ ತಂದರು, ತಲೆ ಬಗ್ಗಿಸಿದರು, ತೋಳು ಸುತ್ತಿದರು. ಒಂದಡಿಯ ಆಳು ಅಂಗೈಯಲ್ಲಿ ಮುದುಡಿ ಕೂತ.

"ರೈಟರ್, ಊಟದ ಡಬ್ಬಿ ಯಾರ ಕೈಲಿತ್ತು?"

ಮತ್ತೆ ಕ್ಯಾಮೆರಾ ನೋಡಿದರು. ಹನ್ನೆರಡು ನಲವತ್ತಕ್ಕೆ ಬಂದು ಒಂದು ಐದಕ್ಕೆ ಹೊರಟ, ನರೆತ ತಲೆಯ ಒಬ್ಬ ಮನುಷ್ಯ. ಬರುವಾಗ ಡಬ್ಬಿಯನ್ನು ಬೀಸಿಕೊಂಡು ಬಂದಿದ್ದ. ಹೋಗುವಾಗ ಎರಡೂ ಕೈಯಲ್ಲಿ ಎದೆಗವಚಿ, ಒಂದೊಂದೇ ಮೆಟ್ಟಿಲು ಇಳಿದಿದ್ದ.

ರೋಗಿಗಳ ಫಾರಂ ತೆಗೆದರು. ಉದ್ಯೋಗ ಎಂಬಲ್ಲಿ 'ಕೀಲಿನ ಕೆಲಸ' ಎಂದು ಬರೆದಿತ್ತು.

"ಮೂಳೆ ಡಾಕ್ಟರಾ?" ರೈಟರ್ ಕೇಳಿದ.

"ಬಾಗಿಲಿಗೆ ಕೀಲು ಹಾಕೋರು ಅನ್ಕೊಂಡೆ," ದಂತವೈದ್ಯೆ ಹಣೆ ಒತ್ತಿಕೊಂಡರು. "ತಿಂಗಳಲ್ಲಿ ಎರಡನೇ ಸಲ ಬಂದಿದ್ರು. ಹಲ್ಲಲ್ಲಿ ಏನೂ ತೊಂದರೆ ಇಲ್ಲ. ಗುರುವಾರಕ್ಕೂ ಅಪಾಯಿಂಟ್‌ಮೆಂಟ್ ತಗೊಂಡಿದಾರೆ."

ಬುಧವಾರ, ದಿನಾಂಕ 15, ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಫಾರಂನಲ್ಲಿದ್ದ ವಿಳಾಸಕ್ಕೆ ಹೋದರು. ಬಾಗಿಲು ತೆರೆದಾಕೆ ಅವನ ಅಕ್ಕ. ಸಮವಸ್ತ್ರ ನೋಡಿ ಆಕೆ ಬೆಚ್ಚಲಿಲ್ಲ.

"ಒಳಗೆ ಬನ್ನಿ. ನಿನ್ನೆ ಊಟದ ಡಬ್ಬಿ ತಾನೇ ತೊಳೆದ. ಹುಟ್ಟಿದಾಗಿಂದ ಮಾಡಿದ್ದಲ್ಲ ಅದು. ಏನೋ ಎಡವಟ್ಟಾಗಿದೆ ಅಂತ ಆಗಲೇ ಅನ್ಕೊಂಡೆ."

ಕಿಟಕಿಯ ಬಳಿ ಮೇಜು. ಬಿಳಿ ಬಟ್ಟೆಯ ಮೇಲೆ ಬಿಲ್ಲುಗಾತಿ ಮಲಗಿದ್ದಳು, ಬಲಗೈ ಬೇರೆಯಾಗಿ ಪಕ್ಕದಲ್ಲಿತ್ತು. ಮೇಜಿಗೆ ಬಾಗಿದ್ದ ಆ ಮನುಷ್ಯ ತಲೆಯೆತ್ತಿ ನೋಡಿದ, ಓಡಲಿಲ್ಲ.

"ಯಾಕೆ ಬಿಚ್ಚಿದೆ?" ಇನ್‌ಸ್ಪೆಕ್ಟರ್ ಕೇಳಿದರು.

"ಭುಜ ಒಳಗಿಂದ ಸೀಳ್ತಾ ಇತ್ತು."

"ನಿನಗೆ ಹೇಗೆ ಗೊತ್ತು?"

"ಆ ಭುಜ ಮಾಡಿದ್ದು ನಾನು."

ಕಾರ್ಖಾನೆಯಲ್ಲಿ ಅವನನ್ನು ಕೀಲು ಮೇಸ್ತ್ರಿ ಎನ್ನುತ್ತಿದ್ದರು. ಫಿಗರ್‌ನ ಪೆಟ್ಟಿಗೆಯ ಮೇಲೆ ಅವನ ಹೆಸರು ಅಚ್ಚಾಗಿರಲಿಲ್ಲ. ಬಿಲ್ಲು ಎಳೆಯುವಾಗ ತೋಳೊಂದೇ ಹೋದರೆ ಸಾಲದು, ಹೆಗಲ ಮೂಳೆಯೂ ಹಿಂದಕ್ಕೆ ಜಾರಬೇಕು ಎಂದು ಹದಿನಾಲ್ಕು ತಿಂಗಳು ಕೂತು ಆ ಕೀಲು ಮಾಡಿದ್ದ. ಹಿಡಿತ ಸಡಿಲವಾಗದಿರಲಿ ಎಂದು ಒಳಗಿನ ಗೂಟವನ್ನು ಒಂದು ಕೂದಲೆಳೆಯಷ್ಟು ಹೆಚ್ಚು ದಪ್ಪ ಮಾಡಿದ. ಅದೇ ಎಡವಟ್ಟಾಯಿತು. ಐದಾರು ವರ್ಷ ತಡೆದುಕೊಂಡು ಆಮೇಲೆ ಒಂದೊಂದೇ ಭುಜ ಬಿರಿಯತೊಡಗಿತು. ಜನ ಮುರಿದದ್ದನ್ನು ಅಂಗಡಿಯವರ ಮೂಲಕ ಅವನಿಗೆ ಕಳಿಸತೊಡಗಿದರು.

"ಮುರೀದೆ ಉಳಿದಿರೋದು, ನನಗೆ ಗೊತ್ತಿರೋ ಮಟ್ಟಿಗೆ, ಇದೊಂದೇ," ಎಂದ ಮೇಸ್ತ್ರಿ. "ಗುರುವಾರ ವಾಪಸ್ ಇಟ್ಟು ಬರೋಣ ಅಂತಿದ್ದೆ. ಹೊಸ ಗೂಟ ಆಗಿದೆ. ಬೆಚ್ಚಗೆ ಮಾಡಿ ಕೂರಿಸ್ಬೇಕು, ಅಷ್ಟೇ. ಹತ್ತು ನಿಮಿಷ. ಹೀಗೇ ತಗೊಂಡು ಹೋದ್ರೆ ನಿಮ್ಮ ಉಗ್ರಾಣದಲ್ಲಿ ಮತ್ತೆ ಕೂರದ ಹಾಗೆ ಆಗುತ್ತೆ."

"ಸಾರ್, ಇದ್ದದ್ದನ್ನ ಇದ್ದ ಹಾಗೇ ಜಪ್ತಿ ಮಾಡ್ಬೇಕು," ರೈಟರ್ ಮೆಲ್ಲಗೆ ಹೇಳಿದ.

ಅದು ಇನ್‌ಸ್ಪೆಕ್ಟರ್‌ಗೂ ಗೊತ್ತಿತ್ತು. ಮೇಜಿನ ಮೇಲಿದ್ದ ಕೈಯನ್ನು ನೋಡಿದರು. ಪ್ರತಿ ಬೆರಳಿಗೂ ಗೆಣ್ಣು, ಗೆಣ್ಣಿಗೆ ಸುಕ್ಕು, ಹೆಬ್ಬೆರಳಿನ ಬುಡದಲ್ಲಿ ಬಿಲ್ಲಿನ ಹಗ್ಗ ತಾಗಿ ಆದಂಥ ಗೀರು.

"ಪಂಚರು ಬಂದಿದಾರಾ?"

"ಇಲ್ಲ ಸಾರ್, ಹೋಗಿ ಕರ್ಕೊಂಡು ಬರ್ಬೇಕು."

"ಹೋಗು. ನಡ್ಕೊಂಡೇ ಹೋಗು."

ರೈಟರ್ ಹೊರಟ. ಇನ್‌ಸ್ಪೆಕ್ಟರ್ ಮೇಜಿನ ಪಕ್ಕ ಕುರ್ಚಿ ಎಳೆದುಕೊಂಡು, ಮಂಡಿ ಚಾಚಿ ಕೂತರು. ಮೇಸ್ತ್ರಿ ಬಿಸಿಗಾಳಿಯ ಕೊಳವೆಯನ್ನು ಭುಜಕ್ಕೆ ಹಿಡಿದ, ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ, ಗೂಟ ಇಳಿಸಿದ, ತೋಳು ಒತ್ತಿದ. ಟಕ್ ಎಂದಿತು. ಅಷ್ಟು ಹೊತ್ತೂ ಅವನು ಉಸಿರು ಬಿಗಿಹಿಡಿದಿದ್ದ, ಇನ್‌ಸ್ಪೆಕ್ಟರೂ ಹಿಡಿದಿದ್ದರು.

ಹತ್ತು ಇಪ್ಪತ್ತಕ್ಕೆ ಪಂಚನಾಮೆ ಶುರುವಾಯಿತು. ಫಿಗರ್ ಒಂದು, ಸುಸ್ಥಿತಿಯಲ್ಲಿ. ಹಳೆಯ ಗೂಟ ಒಂದು, ಬೇರೆ ಲಕೋಟೆಯಲ್ಲಿ. ಹನ್ನೊಂದಕ್ಕೆ ದಸ್ತಗಿರಿ. ಠಾಣೆಯಲ್ಲಿ ತೆಗೆದ ಬೆರಳಚ್ಚು ಅಗ್ನಿಶಾಮಕನ ಸೊಂಟದ ಗುರುತಿಗೆ ಹೊಂದಿತು.

ಗುರುತಿಸಲು ಬಂದ ದಂತವೈದ್ಯೆ ಭೂತಗನ್ನಡಿ ಇಳಿಸಿಕೊಂಡು ಭುಜವನ್ನು ತುಂಬಾ ಹೊತ್ತು ನೋಡಿದರು. "ಎಲ್ಲಿ ಬಿಚ್ಚಿದ್ದು ಅಂತಾನೇ ಗೊತ್ತಾಗ್ತಿಲ್ಲ," ಎಂದರು. ತಂದಿದ್ದ ಬಿಲ್ಲನ್ನು ಎಡಗೈಗೆ ಕೊಟ್ಟು, ಬಲಗೈಯನ್ನು ಕಿವಿಯವರೆಗೆ ಎಳೆದರು. ಎರಡೂ ಹೆಗಲು ಹಿಂದಕ್ಕೆ ಜಾರಿದವು. ಕೈ ಇಳಿಯಲಿಲ್ಲ.

ಆಕೆ ಬೆಂಚಿನ ಮೇಲಿದ್ದ ಮೇಸ್ತ್ರಿಯತ್ತ ತಿರುಗಿದರು. "ಮೊದಲನೇ ಸಲ ಬಂದಾಗ್ಲೇ ಹೇಳ್ಬಹುದಿತ್ತಲ್ಲ? ಕೇಳಿದ್ರೆ ನಾನೇ ಕೊಡ್ತಿದ್ದೆ."

"ಹೇಳೋಕೇ ಬಂದಿದ್ದೆ. ಬಾಯಲ್ಲಿ ನಿಮ್ಮ ಕೈ ಇತ್ತು."

"ಕೈ ತೆಗೆದ ಮೇಲೆ?"

ಮೇಸ್ತ್ರಿ ನೆಲ ನೋಡಿದ. "ಅರ್ಧ ಗಂಟೆ ಹೇಳಿದ್ರಲ್ಲ, ಇಂಥ ಭುಜ ಯಾರೂ ಮಾಡಿಲ್ಲ, ಇದರಲ್ಲಿ ಒಂದು ಐಬಿಲ್ಲ ಅಂತ. ನನ್ನ ಕೆಲಸಕ್ಕೆ ಯಾರೂ ಅಷ್ಟು ಹೇಳಿರಲಿಲ್ಲ. ಆಮೇಲೆ ಬಾಯಿ ಬರಲಿಲ್ಲ."

ಕಣ್ಣು ಒರೆಸಿಕೊಳ್ಳಲು ಆಕೆ ಭೂತಗನ್ನಡಿಯನ್ನು ಮೇಲಕ್ಕೆ ಸರಿಸಬೇಕಾಯಿತು. ದೂರು ವಾಪಸು ತಗೊಳ್ಳಬಹುದಾ ಎಂದು ಕೇಳಿದರು. FIR ಆದ ಮೇಲೆ ಆ ಮಾತು ನ್ಯಾಯಾಲಯದಲ್ಲೇ ಹೇಳಬೇಕು, ಖಂಡಿತ ಹೇಳಿ ಎಂದರು ಇನ್‌ಸ್ಪೆಕ್ಟರ್.

ರೈಟರ್ ವರದಿ ಮುಗಿಸುತ್ತಿದ್ದ. "ಸಾರ್, ಕೃತ್ಯದ ಉದ್ದೇಶ ಅಂತ ಇದೆ. ದುರಾಸೆ ಅಂತ ಹಾಕ್ಲಾ?"

"ಬೇಡ," ಎಂದರು ಇನ್‌ಸ್ಪೆಕ್ಟರ್. "ಅವರು ಹೊಗಳಿದ್ದು ನಿಜ ಆಗ್ಲಿ ಅಂತ ಕದ್ದ, ಹಾಗಂತ ಬರಿ."

ರೈಟರ್ ಹಾಗೇ ಬರೆದ.