ಅಜ್ಜನ ಸಿಟ್ಟಿನ ಗ್ರಾಫ್

"ಬಂದ ತಕ್ಷಣ ಪಿಟೀಲು ಕುಯ್ಯೋಕೆ ಶುರು ಮಾಡ್ಬಿಟ್ಯಾ? ಹೋಗೇ ಆಚೆ!"

ಅಜ್ಜ ಗುಡುಗಿದರು. ಪಿಟೀಲು ಎರಡು ಹೆಜ್ಜೆ ಹಿಂದೆ ಸರಿದಳು. ಮೊಮ್ಮಗಳಿಗೆ ಆ ಅಡ್ಡಹೆಸರಿಟ್ಟವರೂ ಅಜ್ಜನೇ. ಬೆನ್ನ ಹಿಂದೆ ಹಿಡಿದಿದ್ದ ಗಣಿತದ ಪೇಪರಿನಲ್ಲಿ ಇಪ್ಪತ್ತೈದಕ್ಕೆ ಒಂಬತ್ತು ಬಂದಿತ್ತು. ನಾಳೆಯೊಳಗೆ ಮನೆಯವರ ಸೈನ್ ಬೇಕಿತ್ತು.

ಗಂಟೆ ಸರಿಯಾಗಿ ನಾಲ್ಕು. ನಾಲ್ಕಕ್ಕೆ ಅಜ್ಜ ಬೆಣ್ಣೆಯಂತಿರಬೇಕಿತ್ತು. ಗ್ರಾಫ್ ಹಾಗೇ ಹೇಳುತ್ತಿತ್ತು.

ರಜೆಯಲ್ಲಿ ಒಂದು ವಾರ ಕೂತು, ಅಜ್ಜ ಯಾವ ಗಂಟೆಯಲ್ಲಿ ಎಷ್ಟು ಸಲ ಬೈಯುತ್ತಾರೆ ಎಂದು ಎಣಿಸಿ ಅವಳು ಗ್ರಾಫ್ ಹಾಕಿದ್ದಳು. ಎರಡಕ್ಕೆ ಗುಡ್ಡ, ನಾಲ್ಕಕ್ಕೆ ಕಣಿವೆ. ಅಮ್ಮನದನ್ನೂ ಹಾಕಿ ನೋಡಿದ್ದಳು. ಅದು ಮೇಲ್ಗಡೆ ಒಂದೇ ನೇರ ಗೆರೆ. ಹಾಗಾಗಿ ಸೈನಿಗೆ ಅಜ್ಜನೇ ಗತಿ.

ಅವಳು ಬಾಗಿಲ ಸಂದಿಯಲ್ಲಿ ಕೂತು ಮತ್ತೆ ಎಣಿಸಿದಳು. ನಾಲ್ಕಕ್ಕೆ ಗುಡ್ಡ. ಐದಕ್ಕೆ ಇಳಿಜಾರು. ಆರಕ್ಕೆ ಅಜ್ಜ ಹಾಡು ಗುನುಗುತ್ತಿದ್ದರು.

ಅದೇ ಗುಡ್ಡ, ಅದೇ ಕಣಿವೆ. ಗ್ರಾಫ್ ಹಾಳೆಯಲ್ಲಿ ಎರಡು ಮನೆ ಬಲಕ್ಕೆ ಸರಿದಿತ್ತು, ಅಷ್ಟೇ. ಈಗಿನ ನಾಲ್ಕು ಅಂದರೆ ಹಳೆಯ ಎರಡು. ಗಂಟೆಯಿಂದ ಎರಡು ಕಳೆದು ಹಳೆಯ ಗ್ರಾಫ್ ನೋಡಿದರಾಯಿತು.

ಅವಳು ಪೇಪರ್ ಬಿಡಿಸಿದಳು. ಮೂರನೇ ಪ್ರಶ್ನೆ: ಸಮೀಕರಣದಲ್ಲಿ x ಇದ್ದಲ್ಲಿ x – 2 ಹಾಕಿದರೆ ಗ್ರಾಫ್ ಎತ್ತ ಸರಿಯುತ್ತದೆ? ಮೈನಸ್ ಕಂಡ ಕೂಡಲೇ 'ಎಡಕ್ಕೆ' ಎಂದು ಬರೆದಿದ್ದಳು. ಮೇಷ್ಟ್ರು ಅದರ ಮೇಲೆ ದೊಡ್ಡ ಕಾಟು ಹೊಡೆದಿದ್ದರು.

ಅಜ್ಜ ಹಾಡು ಗುನುಗುತ್ತಲೇ ತಕರಾರಿಲ್ಲದೆ ಸೈನ್ ಹಾಕಿದರು. ಆದರೆ ಪೇಪರಿನ ಕೆಳಗೆ ಒತ್ತಿಗೆ ಅವಳು ಇಟ್ಟದ್ದು ಗ್ರಾಫ್ ಹಾಕಿದ್ದ ಅದೇ ನೋಟ್‌ಬುಕ್ಕು.

"'ಅಜ್ಜನ ಸಿಟ್ಟು'," ಅಜ್ಜ ಓದಿದರು. ಕನ್ನಡಕ ಏರಿಸಿಕೊಂಡು ನೋಡಿದರು. "ಎರಡಕ್ಕೆ ಇಷ್ಟೆತ್ತರ ಇರ್ಲಿಲ್ಲ ಬಿಡು."

"ಹದಿನೇಳು ಸಲ, ಅಜ್ಜ."

"ಪೆನ್ಸಿಲ್ ಕೊಡು."

ಅಜ್ಜ ಅದೇ ಹಾಳೆಯಲ್ಲಿ ಇನ್ನೊಂದು ಗೆರೆ ಎಳೆದರು. ಅವಳ ಗುಡ್ಡ ಇದ್ದಲ್ಲಿ ಅವರದು ಹಳ್ಳ. ಅವಳ ಕಣಿವೆ ಇದ್ದಲ್ಲಿ ಅವರದು ಗುಡ್ಡ.

"ಇದೇನಜ್ಜ?"

"ನನ್ನ ಎಡ ಮೊಣಕಾಲು. ಮೂವತ್ತು ವರ್ಷ ಬಸ್ಸಿನ ಕ್ಲಚ್ ತುಳಿದದ್ದು. ಮಾತ್ರೆ ತಗೊಂಡ್ರೆ ಆರಾಮು, ಗೆರೆ ಮೇಲೆ. ಅದರ ಪವರ್ ಇಳಿದ್ರೆ ನೋವು, ಗೆರೆ ಕೆಳಗೆ. ಮೊದ್ಲು ಎರಡಕ್ಕೆ ನುಂಗ್ತಿದ್ದೆ. ನಿನ್ನೆಯಿಂದ ನಾಲ್ಕಕ್ಕೆ ಅಂತ ಡಾಕ್ಟ್ರು ಹೇಳಿದಾರೆ."

"ಇದು ನನ್ನ ಗ್ರಾಫೇ, ತಲೆಕೆಳಗಾಗಿದೆ! ಸಮೀಕರಣದ ಮುಂದೆ ಒಂದು ಮೈನಸ್ ಹಾಕ್ದಂಗೆ."

"ಅದೂ ಪೇಪರಲ್ಲಿ ಇತ್ತಾ?"

"ಐದನೇ ಪ್ರಶ್ನೆ. ಖಾಲಿ ಬಿಟ್ಟಿದ್ದೆ."

ಅವಳು ಎರಡೂ ಗೆರೆಗಳನ್ನು ನೋಡಿದಳು. ಹದಿನೇಳು ಬೈಗುಳ ಎಣಿಸಿದ್ದಳು. ಅದರಲ್ಲಿ ಒಂದು ಸಲವೂ ಅಜ್ಜ ಕಾಲು ನೋವು ಎಂದಿರಲಿಲ್ಲ.

"ಇವತ್ತು ತುಂಬಾ ನೋಯ್ತಿತ್ತಾ, ಅಜ್ಜ?"

"ಸೈನ್ ಆಯ್ತಲ್ಲ? ನಡಿ, ನಡಿ."

ಅವಳು ಹೋಗಲಿಲ್ಲ. ಸ್ಟೂಲ್ ಎಳೆದು ತಂದು, ಅಜ್ಜನ ಎಡಗಾಲನ್ನು ಮೆಲ್ಲಗೆ ಎತ್ತಿ ಅದರ ಮೇಲಿಟ್ಟಳು.

ಅಜ್ಜ ಹಿಂದಕ್ಕೆ ಒರಗಿ ಕೂತರು. ಆಮೇಲೆ, "ಇನ್ನೊಂಚೂರು ಬಲಕ್ಕೆ" ಎಂದರು.

ಅವಳು ಸ್ಟೂಲನ್ನು ಬಲಕ್ಕೆ ಸರಿಸಿದಳು.